ಒಂದು ಸಾಕೋ, ಎರಡು ಬೇಕೋ? – ಒಂದು ಸಬ್‌ವೂಫರ್ ಪುರಾಣ

ಈ ಕಡೆ ತಲೆ ಹಾಕದೆ ತುಂಬಾ ದಿನ ಆಯ್ತು. ಆಫೀಸಿನಲ್ಲಿ ರಿಲೀಸು, ಅದರ ಹಿಂದೆಯೇ ಬಗ್ಗುಗಳ ಸಾಲು ಅಂತೆಲ್ಲ ನೆಪ ಹೇಳಬಹುದು. ಆದರೆ ನಿಜವಾದ ಕಾರಣ ನಮ್ಮ ಹಾಲ್‌ನ ಮೂಲೆಯಲ್ಲಿ ಕೂತಿದ್ದ ಒಂದು ಕಪ್ಪು ಡಬ್ಬ. ಅದೇ ಸಬ್‌ವೂಫರ್. ಸಿನಿಮಾದಲ್ಲಿ ಗುಡುಗು, ಬಾಂಬು, ಡೈನೋಸಾರ್ ಹೆಜ್ಜೆ ಬಂದಾಗ ಎದೆ ನಡುಗಿಸುವುದಷ್ಟೇ ಅದರ ಉದ್ಯೋಗ. ಅದು ಮನೆಗೆ ಬಂದ ದಿನ ಶುರುವಾದ ಒಂದು ಸಣ್ಣ ಜಗಳ ನನ್ನನ್ನು ನೂರು ವರ್ಷ ಹಿಂದಕ್ಕೆ ಕರೆದುಕೊಂಡು ಹೋಯಿತು. ಆ ಕಥೆಯನ್ನೇ ಇಲ್ಲಿ ಹೇಳುತ್ತೇನೆ.

ನಮ್ಮ ಹಾಲ್ 16 ಅಡಿ ಉದ್ದ, 12 ಅಡಿ ಅಗಲ, 10 ಅಡಿ ಎತ್ತರ. ಒಂದು ಅಗಲದ ಗೋಡೆಗೆ ಟಿವಿ, ಅದರ ಎಡ ಮೂಲೆಗೆ ಸಬ್‌ವೂಫರ್. ಎದುರಿಗೆ, ಟಿವಿ ಗೋಡೆಯಿಂದ 12 ಅಡಿ ದೂರದಲ್ಲಿ ಸೋಫಾ. ನಾನು ಸೋಫಾದ ಒಂದು ತುದಿಯಲ್ಲಿ ಕೂರುತ್ತೇನೆ. ಅಮ್ಮನದು ಪಕ್ಕದ ಗೋಡೆಗೆ ಒರಗಿಸಿದ ಬೆತ್ತದ ಕುರ್ಚಿ. ಅಪ್ಪನ ಈಸಿಚೇರು ಹಾಲ್‌ನ ನಟ್ಟನಡುವೆ, ಸರಿಯಾಗಿ ಫ್ಯಾನಿನ ಕೆಳಗೆ. ಆ ಜಾಗ ಬಿಟ್ಟು ಅವರು ಕದಲಿದ್ದನ್ನು ನಾನು ನೋಡಿಲ್ಲ.

ಮೊದಲ ದಿನ ಸಿನಿಮಾ ಹಾಕಿದೆ. ನನಗೋ ಸ್ವರ್ಗ. ಹತ್ತು ನಿಮಿಷಕ್ಕೆ ಅಮ್ಮ, "ಅದೇನೋ ಗುಂಯ್ ಅಂತ ಒಂದೇ ಸಮ ಮೊರೆಯತ್ತೆ ಕಣೋ, ಮಾತೇ ಕೇಳ್ಸಲ್ಲ" ಅಂದರು. ಅಪ್ಪ ಅದಕ್ಕೆ ವಿರುದ್ಧ: "ಇಷ್ಟು ದುಡ್ಡು ಕೊಟ್ಟು ತಂದಿದ್ದೀಯ, ಡಬ್ಬ ಶಬ್ದಾನೇ ಮಾಡಲ್ವಲ್ಲೋ!" ಅಪ್ಪನಿಗೋಸ್ಕರ ಜೋರು ಮಾಡಿದೆ. ಅಮ್ಮ ಎದ್ದು ಅಡುಗೆಮನೆಗೆ ಹೋದರು. ಸ್ವಲ್ಪ ಹೊತ್ತಿಗೆ ಕೆಳಗಿನ ಮನೆಯ ಅಂಕಲ್ ಬಂದು ಬೆಲ್ ಮಾಡಿದರು. ಅಲ್ಲಿಗೆ ಸಿನಿಮಾ ಮುಗಿಯಿತು.

ಒಂದೇ ಹಾಲ್, ಒಂದೇ ಡಬ್ಬ, ಮೂರು ಜನಕ್ಕೆ ಮೂರು ಬಗೆಯ ಶಬ್ದ. ನಾನು ಇಂಜಿನಿಯರ್ ಅಲ್ವೇ? ತಕ್ಷಣ ತೀರ್ಪು ಕೊಟ್ಟೆ. "ಅಮ್ಮ, ನಿಂಗೆ ಅಭ್ಯಾಸ ಇಲ್ಲ, ಅದಕ್ಕೇ ಹಾಗನ್ಸತ್ತೆ. ಅಪ್ಪ, ನಿಮಗೆ ಕಿವಿ ಸ್ವಲ್ಪ ಮಂದ." ತಿಂಗಳುಗಟ್ಟಲೆ ಇದೇ ಮಾತು ಹೇಳಿಕೊಂಡು ಬಂದೆ. ಆ ತೀರ್ಪು ಎಷ್ಟು ತಪ್ಪು ಅನ್ನುವುದು ಇತಿಹಾಸ ಓದಿದ ಮೇಲೆ ಗೊತ್ತಾಯಿತು.

ಪರಿಹಾರ ಹುಡುಕಿಕೊಂಡು ಎಸ್.ಪಿ. ರೋಡಿಗೂ ಹೋಗಿದ್ದೆ. ಅಂಗಡಿಯವರು ಎರಡನೇ ಮಾತೇ ಇಲ್ಲದೆ, "ಇನ್ನೊಂದು ತಗೊಳ್ಳಿ ಸಾರ್, ಡಬಲ್ ಬೇಸ್ ಬರತ್ತೆ" ಅಂದರು. ಅಮ್ಮನಿಗೆ ಒಂದೇ ಹೆಚ್ಚಾಗಿರುವಾಗ ಡಬಲ್ ತಂದು ಏನು ಮಾಡಲಿ? ಅಲ್ಲಿಂದ ಖಾಲಿ ಕೈಯಲ್ಲಿ ಬಂದೆ. ಆದರೆ ಒಂದು ಪ್ರಶ್ನೆ ತಲೆಯಲ್ಲಿ ಉಳಿಯಿತು. ಸಣ್ಣ ಹಾಲ್‌ಗೆ ಒಂದು ಸಬ್‌ವೂಫರ್ ಸಾಕು ಅಂತ ಮೊದಲು ಹೇಳಿದವರು ಯಾರು? ಎರಡು ಬೇಕು ಅಂತ ಹೇಳಿದವರು ಯಾರು? ಯಾಕೆ?

ಬೇಸ್ ಅಂದರೆ ಭಾರದ ಕೆಲಸ

ಇವತ್ತು ನಾವು ಬಳಸುವ ಸುರುಳಿ-ಆಯಸ್ಕಾಂತದ ಲೌಡ್‌ಸ್ಪೀಕರ್‌ಗೆ ಸರಿಯಾದ ರೂಪ ಕೊಟ್ಟವರು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿದ್ದ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್. ಅವರ ಪ್ರಬಂಧ ಬಂದಿದ್ದು 1925ರಲ್ಲಿ. ಅಂದಿನಿಂದಲೂ ಸ್ಪೀಕರ್ ಮಾಡುವವರಿಗೆ ಒಂದೇ ತಲೆನೋವು: ಬೇಸ್. ಅಂದರೆ ಕೆಳಗಿನ, ದಪ್ಪ ಧ್ವನಿ. ಸ್ಪೀಕರಿನ ಕೋನ್ ಗಾಳಿಯನ್ನು ಹಿಂದೆ ಮುಂದೆ ತಳ್ಳಬೇಕು. 40 ಹರ್ಟ್ಸ್‌ನಲ್ಲಿ ಬರುವಷ್ಟೇ ಜೋರು 20 ಹರ್ಟ್ಸ್‌ನಲ್ಲೂ ಬರಬೇಕಾದರೆ ಅದೇ ಕೋನ್ ನಾಲ್ಕು ಪಟ್ಟು ದೂರ ಚಲಿಸಬೇಕು. ಒಂದು ಮೆಟ್ಟಿಲು ಕೆಳಗಿಳಿದರೆ ನಾಲ್ಕು ಪಟ್ಟು ಕೂಲಿ!

ಸಾಲದ್ದಕ್ಕೆ ನಮ್ಮ ಕಿವಿಯೂ ಸಹಕರಿಸುವುದಿಲ್ಲ. ಬೆಲ್ ಲ್ಯಾಬ್ಸ್‌ನ ಫ್ಲೆಚರ್ ಮತ್ತು ಮನ್ಸನ್ 1933ರಲ್ಲಿ ಇದನ್ನು ಅಳೆದು ತೋರಿಸಿದರು. ನಡುವಿನ ಸ್ವರಗಳಿಗೆ ಚುರುಕಾಗಿರುವ ಕಿವಿ ಕೆಳಗಿನ ಸ್ವರಗಳಿಗೆ ಅರೆಕಿವುಡು. 20 ಹರ್ಟ್ಸ್‌ನ ಶಬ್ದ ಸುಮ್ಮನೆ ಕೇಳಿಸಿತು ಅನ್ನಿಸಬೇಕಾದರೂ ಅದು 70 ಡೆಸಿಬೆಲ್ ದಾಟಿರಬೇಕು. ಪಿಯಾನೋದ ಅತಿ ಕೆಳಗಿನ ಮನೆ 27.5 ಹರ್ಟ್ಸ್. ಬೇಸ್ ಗಿಟಾರಿನ ದಪ್ಪ ತಂತಿ ಸುಮಾರು 41 ಹರ್ಟ್ಸ್. ಸಬ್‌ವೂಫರ್ ದುಡಿಯುವ ಲೋಕ ಇದು.

ಹಾಗಾಗಿ ಮೊದಮೊದಲು ಒಳ್ಳೆಯ ಬೇಸ್ ಬೇಕೆಂದರೆ ಬೀರುವಿನ ಗಾತ್ರದ ಪೆಟ್ಟಿಗೆ ಬೇಕಿತ್ತು. 1954ರಲ್ಲಿ ಎಡ್ಗರ್ ವಿಲ್ಚರ್ ಅನ್ನುವ ಅಮೆರಿಕನ್ ಸಂಶೋಧಕ, ಪೆಟ್ಟಿಗೆಯನ್ನು ಗಾಳಿಯಾಡದಂತೆ ಮುಚ್ಚಿ ಒಳಗಿನ ಗಾಳಿಯನ್ನೇ ಸ್ಪ್ರಿಂಗ್ ಆಗಿ ಬಳಸುವ ಉಪಾಯ ಮಾಡಿದ. ಹೆನ್ರಿ ಕ್ಲಾಸ್ ಜೊತೆ ಸೇರಿ ಎಆರ್-1 ಅನ್ನುವ ಸ್ಪೀಕರ್ ತಂದ. ಪುಸ್ತಕದ ಕಪಾಟಿನಲ್ಲಿ ಕೂರುವ ಪೆಟ್ಟಿಗೆಯಿಂದ ನಿಜವಾದ ಬೇಸ್ ಬಂತು.

ಆದರೆ ಬಿಟ್ಟಿ ಏನೂ ಸಿಗಲ್ಲ ನೋಡಿ. ಕ್ಲಾಸ್ ಮುಂದೆ 1957ರಲ್ಲಿ ಕೆಎಲ್‌ಎಚ್ ಕಂಪನಿ ಕಟ್ಟಿದಾಗ ಜೊತೆಗಿದ್ದವರಲ್ಲಿ ಜೆ. ಆಂಟನ್ ಹಾಫ್‌ಮನ್ ಒಬ್ಬರು. ಅವರ ಹೆಸರಿನಲ್ಲಿ ಒಂದು 'ಉಕ್ಕಿನ ನಿಯಮ' ಇದೆ. ಸಣ್ಣ ಪೆಟ್ಟಿಗೆ, ಆಳವಾದ ಬೇಸ್, ಕಡಿಮೆ ವಿದ್ಯುತ್ತಿನಲ್ಲಿ ಜೋರು ಶಬ್ದ – ಈ ಮೂರರಲ್ಲಿ ಯಾವುದಾದರೂ ಎರಡನ್ನು ಆರಿಸಿಕೊಳ್ಳಿ, ಮೂರನೆಯದು ಸಿಗುವುದಿಲ್ಲ. ನಮ್ಮ ಸಾಫ್ಟ್‌ವೇರಿನವರ 'ಬೇಗ, ಅಗ್ಗ, ಚೆನ್ನಾಗಿ' ಜೋಕಿನ ಅಣ್ಣ ಇದು :) ಮುಂದೆ ಆಸ್ಟ್ರೇಲಿಯಾದಲ್ಲಿ ನೆವಿಲ್ ಥೀಲ್ (1961) ಮತ್ತು ರಿಚರ್ಡ್ ಸ್ಮಾಲ್ (1970ರ ದಶಕದ ಆರಂಭ) ಈ ಲೆಕ್ಕವನ್ನೆಲ್ಲ ಸೂತ್ರಕ್ಕೆ ಇಳಿಸಿದರು. ಇವತ್ತಿಗೂ ಸಬ್‌ವೂಫರ್ ವಿನ್ಯಾಸ ಮಾಡುವವರು ಅವರಿಬ್ಬರ ಹೆಸರಿನ ಅಳತೆಗಳನ್ನೇ ಬಳಸುತ್ತಾರೆ.

ಗಮನಿಸಿ, ಇಲ್ಲಿಯವರೆಗಿನ ಪ್ರಶ್ನೆಯೆಲ್ಲ ಒಂದೇ: ಬೇಸ್ ಎಷ್ಟು ಬರುತ್ತದೆ? ಯಾರಿಗೆ ಕೇಳಿಸುತ್ತದೆ ಅನ್ನುವುದು ಇನ್ನೂ ಯಾರ ತಲೆಗೂ ಬಂದಿರಲಿಲ್ಲ.

ಭೂಕಂಪ ಮಾರಿದ ಕಾಲ

'ಎಷ್ಟು' ಅನ್ನುವ ಪ್ರಶ್ನೆ ತುತ್ತತುದಿ ಮುಟ್ಟಿದ್ದು 1974ರಲ್ಲಿ. ಆ ವರ್ಷ ಯೂನಿವರ್ಸಲ್ ಸ್ಟುಡಿಯೋ 'ಅರ್ಥ್‌ಕ್ವೇಕ್' ಸಿನಿಮಾ ಬಿಡುಗಡೆ ಮಾಡಿತು. ಅದಕ್ಕೆಂದೇ 'ಸೆನ್ಸರೌಂಡ್' ಅನ್ನುವ ಏರ್ಪಾಡು ತಯಾರಾಯಿತು. ಸರ್ವಿನ್-ವೇಗಾ ಕಂಪನಿ ಮಾಡಿಕೊಟ್ಟ ದೈತ್ಯ ಸ್ಪೀಕರುಗಳನ್ನು ಥಿಯೇಟರಿನ ಹಿಂದೆ ಮುಂದೆ ಜೋಡಿಸಲು ಕುರ್ಚಿಗಳ ಸಾಲನ್ನೇ ಕೀಳಬೇಕಾಗುತ್ತಿತ್ತು. ತೆರೆಯ ಮೇಲೆ ಭೂಮಿ ನಡುಗುವ ಹೊತ್ತಿಗೆ ಕಿವಿಗಿಂತ ಮೈಗೆ ಹೆಚ್ಚು ತಟ್ಟುವ ಗುಡುಗು ಹೊರಡುತ್ತಿತ್ತು. ಹಾಲಿವುಡ್‌ನ ಪ್ರಸಿದ್ಧ ಗ್ರೌಮನ್ಸ್ ಚೈನೀಸ್ ಥಿಯೇಟರಿನಲ್ಲಿ ಚಾವಣಿಯ ಗಾರೆ ಚೂರು ಪ್ರೇಕ್ಷಕರ ತಲೆ ಮೇಲೆ ಬೀಳದಂತೆ ಬಲೆ ಕಟ್ಟಿದ್ದರು!

ಸಿನಿಮಾಕ್ಕೆ ಶಬ್ದಕ್ಕಾಗಿ ಆಸ್ಕರ್ ಬಂತು. ಆದರೆ ಸೆನ್ಸರೌಂಡ್ ಬಾಳಲಿಲ್ಲ. 'ಮಿಡ್‌ವೇ' (1976), 'ರೋಲರ್‌ಕೋಸ್ಟರ್' (1977) ಹೀಗೆ ಬೆರಳೆಣಿಕೆಯ ಸಿನಿಮಾಗಳ ನಂತರ ಮೂಲೆ ಸೇರಿತು. ಸ್ಪೀಕರುಗಳ ಸಾಗಣೆಯ ಖರ್ಚು ಒಂದು ಕಾರಣ. ಇನ್ನೊಂದು ಕಾರಣ ನನಗೆ ತೀರಾ ಪರಿಚಿತ. ಆಗ ತಾನೇ ಒಂದೇ ಕಟ್ಟಡದಲ್ಲಿ ಹಲವು ಪರದೆಗಳ ಥಿಯೇಟರುಗಳು ಹುಟ್ಟುತ್ತಿದ್ದವು. ಇಲ್ಲಿ ಭೂಕಂಪವಾದರೆ ಪಕ್ಕದ ಪರದೆಯಲ್ಲಿ ನಡೆಯುತ್ತಿದ್ದ ಪ್ರೇಮ ಸಂಭಾಷಣೆಯೂ ನಡುಗುತ್ತಿತ್ತು. ಕೆಳಗಿನ ಮನೆಯ ಅಂಕಲ್ ಎಲ್ಲ ಕಾಲದಲ್ಲೂ ಇದ್ದಾರೆ.

ಪಾಯಿಂಟ್ ಒಂದರ ಜನನ

ಬೇಸ್‌ಗೇ ಒಂದು ಪ್ರತ್ಯೇಕ ದಾರಿ ಕೊಡುವ ಯೋಚನೆ ಮಾತ್ರ ಉಳಿಯಿತು. 1977ರಲ್ಲಿ 'ಸ್ಟಾರ್ ವಾರ್ಸ್' ಬಂದಾಗ 70 ಎಂಎಂ ಪ್ರಿಂಟಿನಲ್ಲಿದ್ದ ಆರು ಶಬ್ದಪಟ್ಟಿಗಳಲ್ಲಿ ಎರಡನ್ನು ಡಾಲ್ಬಿಯವರು ಬೇಸ್‌ಗೆ ಬಿಟ್ಟುಕೊಟ್ಟರು. ಅದಕ್ಕೆ 'ಬೇಬಿ ಬೂಮ್' ಅಂತ ಅಡ್ಡಹೆಸರು. 1979ರ 'ಅಪೊಕಾಲಿಪ್ಸ್ ನೌ' ಚಿತ್ರಕ್ಕೆ ವಾಲ್ಟರ್ ಮರ್ಚ್ ಕಟ್ಟಿದ ಶಬ್ದವಿನ್ಯಾಸದಲ್ಲಿ ಇನ್ನೂ ಸ್ಪಷ್ಟ ರೂಪ ಬಂತು: ಮುಂದೆ ಮೂರು, ಹಿಂದೆ ಎಡ-ಬಲ ಬೇರೆ ಬೇರೆ, ಜೊತೆಗೆ ಬೇಸ್. ಹೆಲಿಕಾಪ್ಟರ್ ತಲೆಯ ಮೇಲೆ ಸುತ್ತು ಹಾಕಿದ್ದು ಅಲ್ಲಿಯೇ.

1987ರಲ್ಲಿ ಅಮೆರಿಕದ ಸಿನಿಮಾ ತಂತ್ರಜ್ಞರ ಸಂಘ ಡಿಜಿಟಲ್ ಶಬ್ದಕ್ಕೆ ಎಷ್ಟು ಚಾನೆಲ್ ಬೇಕು ಅಂತ ಚರ್ಚೆ ಮಾಡುತ್ತಿತ್ತು. ಆಗ 5.1 ಅನ್ನುವ ಸಂಖ್ಯೆಯನ್ನು ಮುಂದಿಟ್ಟವರು ಟಾಮ್ಲಿನ್ಸನ್ ಹೋಲ್ಮನ್. ಲುಕಾಸ್‌ಫಿಲ್ಮ್‌ನ ಟಿಎಚ್‌ಎಕ್ಸ್ ಏರ್ಪಾಡಿನ ಹಿಂದಿದ್ದವರು ಇವರೇ. ಐದು ಪೂರ್ತಿ ಚಾನೆಲ್, ಜೊತೆಗೆ ಬರೀ ಬೇಸ್ ಹೊರುವ ಒಂದು ಚೂರು ಚಾನೆಲ್. ನಿಜವಾದ ಲೆಕ್ಕ ಹಾಕಿದರೆ ಆ ಚೂರು 0.1 ಕೂಡ ಅಲ್ಲ. 20,000 ಹರ್ಟ್ಸ್‌ನಲ್ಲಿ 120 ಹರ್ಟ್ಸ್ ಅಂದರೆ 0.006. ಆದರೆ '5.006 ಹೋಮ್ ಥಿಯೇಟರ್' ಅಂದರೆ ಯಾರು ಕೊಳ್ಳುತ್ತಾರೆ? :)

1992ರ 'ಬ್ಯಾಟ್‌ಮನ್ ರಿಟರ್ನ್ಸ್' ಜೊತೆ ಡಾಲ್ಬಿ ಡಿಜಿಟಲ್ ಥಿಯೇಟರಿಗೆ ಬಂತು, 1993ರ 'ಜುರಾಸಿಕ್ ಪಾರ್ಕ್' ಜೊತೆ ಡಿಟಿಎಸ್. 1996-97ರಲ್ಲಿ ಡಿವಿಡಿ ಬಂದ ಮೇಲೆ ಅದೇ 5.1 ಮನೆಮನೆಗೂ ಹರಡಿತು. 'ಪಾಯಿಂಟ್ ಒಂದು' ಅನ್ನುವುದು ಡಿಸ್ಕಿನಲ್ಲಿರುವ ಚಾನೆಲ್ಲಿನ ಲೆಕ್ಕ, ಮನೆಯಲ್ಲಿಡುವ ಡಬ್ಬದ ಲೆಕ್ಕ ಅಲ್ಲ. ಥಿಯೇಟರಿನಲ್ಲಿ ಆ ಒಂದು ಚಾನೆಲ್ಲನ್ನು ತೆರೆಯ ಹಿಂದೆ ಹಲವು ಸಬ್‌ವೂಫರ್‌ಗಳು ಸೇರಿ ನುಡಿಸುತ್ತವೆ. ಮನೆಗೆ ಬರುವಾಗ ಮಾತ್ರ ಒಂದು ಚಾನೆಲ್ ಅಂದರೆ ಒಂದು ಡಬ್ಬ ಅಂತಾಯಿತು. ಈಗ ರಿಸೀವರುಗಳ ಮೇಲೆ 7.2 ಅಂತ ಬರೆದಿರುತ್ತಾರಲ್ಲ, ಅದೂ ಡಿಸ್ಕಿನಲ್ಲಿ ಎರಡು ಬೇಸ್ ಚಾನೆಲ್ ಇದೆ ಅಂತಲ್ಲ. ಎರಡು ಸಬ್‌ವೂಫರ್ ಚುಚ್ಚಲು ಹಿಂದೆ ಎರಡು ತೂತು ಇದೆ ಅಂತ ಅಷ್ಟೇ.

'ಒಂದು ಸಾಕು' ಅಂದವರು

ಹಾಗಂತ 'ಒಂದು ಸಾಕು' ಅನ್ನುವುದು ಬರೀ ಸೋಮಾರಿತನವಲ್ಲ. ಅದಕ್ಕೊಂದು ವಾದ ಇತ್ತು. ಶಬ್ದ ಎಡದಿಂದ ಬಂತೋ ಬಲದಿಂದ ಬಂತೋ ಅಂತ ಕಿವಿ ಕಂಡುಹಿಡಿಯುವುದು ಎರಡು ಕಿವಿಗಳಿಗೆ ತಲುಪುವ ಶಬ್ದದ ವ್ಯತ್ಯಾಸದಿಂದ. 80 ಹರ್ಟ್ಸ್‌ನ ಅಲೆಯ ಉದ್ದ ಸುಮಾರು 14 ಅಡಿ. 40 ಹರ್ಟ್ಸ್‌ನದು 28 ಅಡಿ. ನಮ್ಮ ತಲೆಯ ಅಗಲಕ್ಕೆ ಇದು ಎಲ್ಲಿ ಲೆಕ್ಕ? ಮುಚ್ಚಿದ ಕೋಣೆಯಲ್ಲಿ ಅಷ್ಟು ಕೆಳಗಿನ ಶಬ್ದ ಎಲ್ಲಿಂದ ಬರುತ್ತಿದೆ ಅಂತ ಹೇಳುವುದು ಬಹುಮಟ್ಟಿಗೆ ಅಸಾಧ್ಯ. ಅದಕ್ಕೇ ಮನೆಯ ಟಿಎಚ್‌ಎಕ್ಸ್ ನಿಯಮದಲ್ಲಿ 80 ಹರ್ಟ್ಸ್‌ಗಿಂತ ಕೆಳಗಿನದನ್ನೆಲ್ಲ ಸಬ್‌ವೂಫರ್‌ಗೆ ಕಳಿಸಿ ಅಂತ ಗೆರೆ ಎಳೆದರು.

ಸ್ಟೀರಿಯೋ ಗ್ರಾಮಫೋನ್ ತಟ್ಟೆಗಳಲ್ಲೂ ಎಡ-ಬಲದ ಬೇಸ್ ಅನ್ನು ಒಂದಾಗಿ ಬೆರೆಸುವ ರೂಢಿ ಇತ್ತು. ಇಲ್ಲದಿದ್ದರೆ ಮುಳ್ಳು ಗೆರೆಯಿಂದ ಎಗರುವ ಅಪಾಯ. 1987ರಲ್ಲಿ ಬೋಸ್ ಕಂಪನಿಯ ಅಕೌಸ್ಟಿಮಾಸ್ ಬಂತು. ಅಂಗೈಯಗಲದ ಪುಟ್ಟ ಸ್ಪೀಕರುಗಳನ್ನು ಎದುರಿಗಿಟ್ಟು, ಬೇಸ್ ಡಬ್ಬವನ್ನು ಸೋಫಾದ ಹಿಂದೆ ಎಲ್ಲಾದರೂ ಬಚ್ಚಿಡಿ ಅನ್ನುವುದೇ ಅದರ ಆಕರ್ಷಣೆ. ಡಬ್ಬ ಕಣ್ಣಿಗೆ ಬೀಳದಿದ್ದರೆ ಮನೆಯವರಿಗೂ ಸಂತೋಷ. ಈ ಯೋಚನೆ ಲೋಕವನ್ನೇ ಗೆದ್ದಿತು.

ಆದರೆ ಈ ವಾದದೊಳಗೆ ಒಂದು ಜಾರು ಇದೆ. 'ಬೇಸ್ ಎಲ್ಲಿಂದ ಬರುತ್ತಿದೆ ಅಂತ ಗೊತ್ತಾಗುವುದಿಲ್ಲ' ಅನ್ನುವುದು ನಿಜ. ಅದನ್ನು ನಾವು 'ಡಬ್ಬ ಎಲ್ಲಿಟ್ಟರೂ ಒಂದೇ, ಎಲ್ಲಿ ಕೂತರೂ ಒಂದೇ' ಅಂತ ಓದಿಕೊಂಡೆವು. ಇದು ಶುದ್ಧ ಸುಳ್ಳು. ಮತ್ತು ಸುಳ್ಳು ಅಂತ ಭೌತಶಾಸ್ತ್ರಕ್ಕೆ ಬಹಳ ಹಿಂದೆಯೇ ಗೊತ್ತಿತ್ತು.

ಮೃದಂಗದ ಒಳಗೆ ಕೂತ ನಾವು

ಲಾರ್ಡ್ ರ‍್ಯಾಲೆ 1877-78ರಲ್ಲಿ ಪ್ರಕಟಿಸಿದ 'ದ ಥಿಯರಿ ಆಫ್ ಸೌಂಡ್' ಪುಸ್ತಕದಲ್ಲಿ ಮುಚ್ಚಿದ ಪೆಟ್ಟಿಗೆಯೊಳಗಿನ ಗಾಳಿ ಹೇಗೆ ಮಿಡಿಯುತ್ತದೆ ಅನ್ನುವುದರ ಲೆಕ್ಕವಿದೆ. ಕೋಣೆ ಅಂದರೂ ಒಂದು ಪೆಟ್ಟಿಗೆಯೇ. ಮೋರ್ಸ್ ಮತ್ತು ಬೋಲ್ಟ್ 1944ರಲ್ಲಿ ಕೋಣೆಯೊಳಗಿನ ಅಲೆಗಳ ಬಗ್ಗೆ ಉದ್ದನೆಯ ಲೇಖನವನ್ನೇ ಬರೆದರು. ಆದರೆ ನನಗೆ ಇದು ಅರ್ಥವಾಗಿದ್ದು ನಮ್ಮ ಊರಿನಿಂದಲೇ ಹೊರಟ ಇನ್ನೊಂದು ಲೇಖನದಿಂದ. 1934ರಲ್ಲಿ ಸರ್ ಸಿ.ವಿ. ರಾಮನ್, ಬೆಂಗಳೂರಿನ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್ ಪತ್ರಿಕೆಯಲ್ಲಿ ನಮ್ಮ ಮೃದಂಗ-ತಬಲಾಗಳ ಬಗ್ಗೆ ಬರೆದರು.

ರಾಮನ್ ಚರ್ಮದ ಮೇಲೆ ಸಣ್ಣ ಮರಳು ಉದುರಿಸಿ ಬಾರಿಸಿ ನೋಡುತ್ತಿದ್ದರು. ಚರ್ಮ ಜೋರಾಗಿ ಮಿಡಿಯುವ ಕಡೆ ಮರಳು ಹಾರಿಹೋಗುತ್ತದೆ, ಅಲುಗದೆ ಸತ್ತಿರುವ ಗೆರೆಗಳ ಮೇಲೆ ಗುಡ್ಡೆಯಾಗುತ್ತದೆ. ಒಂದೊಂದು ಮಿಡಿತಕ್ಕೆ ಒಂದೊಂದು ಚಿತ್ತಾರ. ಎಲ್ಲಿ ಬಾರಿಸುತ್ತೀರಿ, ಬೆರಳು ಎಲ್ಲಿ ಊರಿದ್ದೀರಿ ಅನ್ನುವುದರ ಮೇಲೆ ಯಾವ ಮಿಡಿತ ಏಳುತ್ತದೆ, ಯಾವುದು ಮಲಗುತ್ತದೆ ಅಂತ ನಿರ್ಧಾರವಾಗುತ್ತದೆ. ತಬಲಾದವರು 'ನಾ' ನುಡಿಸುವಾಗ ಉಂಗುರದ ಬೆರಳನ್ನು ಕರಣೆಯ ಅಂಚಿಗೆ ಮೆಲ್ಲಗೆ ಊರಿ ಅಂಚಿನಲ್ಲಿ ಬಾರಿಸುತ್ತಾರಲ್ಲ, ಅದು ಬೇಡದ ಮಿಡಿತವನ್ನು ಮಲಗಿಸುವ ಉಪಾಯವೇ.

ನಮ್ಮ ಹಾಲ್ ಕೂಡ ಒಂದು ಮೃದಂಗ, ನಾವು ಅದರೊಳಗೆ ಕೂತಿದ್ದೇವೆ. ಸಬ್‌ವೂಫರ್ ಬಾರಿಸುವ ಕೈ. ಶಬ್ದದ ವೇಗ ಸೆಕೆಂಡಿಗೆ ಸುಮಾರು 1125 ಅಡಿ. ಅದನ್ನು ಉದ್ದದ ಎರಡರಷ್ಟರಿಂದ ಭಾಗಿಸಿದರೆ ಆ ದಿಕ್ಕಿನ ಮೊದಲ ಮಿಡಿತ ಸಿಗುತ್ತದೆ. 16 ಅಡಿಗೆ 35 ಹರ್ಟ್ಸ್, 12 ಅಡಿಗೆ 47 ಹರ್ಟ್ಸ್, 10 ಅಡಿ ಎತ್ತರಕ್ಕೆ 56 ಹರ್ಟ್ಸ್. ಮೂರೂ ಸಬ್‌ವೂಫರ್ ಮಾತಾಡುವ ಸ್ವರಗಳೇ. ಮೊದಲ ಮಿಡಿತದಲ್ಲಿ ಎದುರುಬದುರು ಗೋಡೆಗಳ ಬಳಿ ಶಬ್ದ ಜೋರು, ನಟ್ಟನಡುವೆ ಸತ್ತ ಗೆರೆ. ನಮ್ಮ ಇಟ್ಟಿಗೆ-ಕಾಂಕ್ರೀಟಿನ ಗೋಡೆಗಳು ಅಮೆರಿಕದ ಮರದ ಚೌಕಟ್ಟಿನ ಗೋಡೆಗಳಂತೆ ಬೇಸ್ ಅನ್ನು ನುಂಗುವುದೂ ಇಲ್ಲ. ಹಾಗಾಗಿ ನಮ್ಮಲ್ಲಿ ಗುಡ್ಡ ಇನ್ನೂ ಎತ್ತರ, ಹಳ್ಳ ಇನ್ನೂ ಆಳ.

ಈಗ ಅಮ್ಮ-ಅಪ್ಪನ ಕುರ್ಚಿ ನೆನಪಿಸಿಕೊಳ್ಳಿ. ಡಬ್ಬ ಇದ್ದದ್ದು ಮೂಲೆಯಲ್ಲಿ. ಮೂಲೆ ಅಂದರೆ ಎಲ್ಲ ಮಿಡಿತಗಳನ್ನೂ ಒಟ್ಟಿಗೆ ಎಬ್ಬಿಸುವ ಜಾಗ. ಅಮ್ಮನ ಕುರ್ಚಿ ಪಕ್ಕದ ಗೋಡೆಗೆ ಒರಗಿದೆ, 47 ಹರ್ಟ್ಸ್‌ನ ಗುಡ್ಡದ ಮೇಲೆ. ಗುಂಯ್ ಅನ್ನದೆ ಇನ್ನೇನು? ಅಪ್ಪನ ಕುರ್ಚಿ ಫ್ಯಾನಿನ ಕೆಳಗೆ. ಫ್ಯಾನ್ ಹಾಕುವುದು ಹಾಲ್‌ನ ನಟ್ಟನಡುವೆ. ಅಂದರೆ ಉದ್ದದ ಸತ್ತ ಗೆರೆ, ಅಗಲದ ಸತ್ತ ಗೆರೆ ಎರಡೂ ಸೇರುವ ಬಿಂದು! 35 ಕೂಡ ಇಲ್ಲ, 47 ಕೂಡ ಇಲ್ಲ. ಅಪ್ಪನ ಕಿವಿ ಮಂದವಾಗಿರಲಿಲ್ಲ, ಅಮ್ಮನಿಗೆ 'ಹಾಗನ್ಸಿದ್ದೂ' ಅಲ್ಲ. ಇಬ್ಬರೂ ತಮ್ಮ ತಮ್ಮ ಕುರ್ಚಿಯಲ್ಲಿದ್ದ ಸತ್ಯವನ್ನೇ ಹೇಳಿದ್ದರು. ಸುಳ್ಳು ಹೇಳುತ್ತಿದ್ದವನು ನಾನು.

ಪ್ರಶ್ನೆ ಬದಲಾದದ್ದು

ಎರಡು ಬೇಕು ಅಂದವರಲ್ಲೂ ಎರಡು ಪಂಗಡ ಇದ್ದವು. ಲೆಕ್ಸಿಕಾನ್ ಕಂಪನಿಯಲ್ಲಿದ್ದ ಡೇವಿಡ್ ಗ್ರೀಸಿಂಗರ್ 1990ರ ದಶಕದಲ್ಲಿ ಹೇಳಿದ್ದು ಬೇರೆ ಕಾರಣ. ಕೇಳುಗನ ಎಡ-ಬಲಕ್ಕೆ ಒಂದೊಂದು ಸಬ್‌ವೂಫರ್ ಇಟ್ಟರೆ ಕಛೇರಿಯ ಸಭಾಂಗಣದಲ್ಲಿ ಕೂತಂತೆ ಶಬ್ದ ನಮ್ಮನ್ನು ಆವರಿಸುತ್ತದೆ ಅನ್ನುವುದು ಅವರ ವಾದ. ಇನ್ನೊಂದು ಪಂಗಡದ್ದು ಸಮತೆಯ ವಾದ. ಎಲ್ಲ ಕುರ್ಚಿಗಳಿಗೂ ಒಂದೇ ಬಗೆಯ ಬೇಸ್ ಹಂಚುವುದು ಹೇಗೆ? ಸಣ್ಣ ಕೋಣೆಗಳ ಬೇಸ್ ಬಗ್ಗೆಯೇ 1982ರಲ್ಲಿ ಡಾಕ್ಟರೇಟ್ ಮಾಡಿದ ಅರ್ಲ್ ಗೆಡ್ಡೆಸ್, ಹಲವು ಸಬ್‌ವೂಫರ್‌ಗಳನ್ನು ಅಲ್ಲಲ್ಲಿ ಚದುರಿಸಿಡಿ ಅನ್ನುತ್ತಾ ಬಂದವರು.

ನಿಜವಾದ ಎಣಿಕೆ ಮಾಡಿದವರು ಹರ್ಮನ್ ಕಂಪನಿಯ ಟಾಡ್ ವೆಲ್ಟಿ. 2002ರಲ್ಲಿ ಮ್ಯೂನಿಕ್‌ನಲ್ಲಿ ನಡೆದ ಆಡಿಯೋ ಇಂಜಿನಿಯರಿಂಗ್ ಸೊಸೈಟಿ ಸಮ್ಮೇಳನದಲ್ಲಿ ಅವರು ಓದಿದ ಪ್ರಬಂಧದ ಹೆಸರೇ 'ಎಷ್ಟು ಸಬ್‌ವೂಫರ್ ಸಾಕು?' ಅಂತ. ಒಂದು ಆಯತಾಕಾರದ ಕೋಣೆಯನ್ನು ಕಂಪ್ಯೂಟರಿನಲ್ಲಿ ಕಟ್ಟಿ, ಸಬ್‌ವೂಫರ್‌ಗಳ ಸಂಖ್ಯೆ ಮತ್ತು ಜಾಗ ಬದಲಿಸುತ್ತಾ ಕುರ್ಚಿಯಿಂದ ಕುರ್ಚಿಗೆ ಎಷ್ಟು ವ್ಯತ್ಯಾಸ ಅಂತ ನೋಡಿದರು. 2006ರಲ್ಲಿ ಅಲನ್ ಡೆವಾಂಟಿಯರ್ ಜೊತೆ ಇನ್ನೊಂದು ದೊಡ್ಡ ಲೇಖನ ಬಂತು. ಫಲಿತಾಂಶ ಸರಳ. ನಾಲ್ಕು ಗೋಡೆಗಳ ನಡುವಿಗೆ ನಾಲ್ಕು, ಅಥವಾ ನಾಲ್ಕು ಮೂಲೆಗೆ ನಾಲ್ಕು ಇಟ್ಟರೆ ಬಹಳ ಚೆನ್ನ. ನಾಲ್ಕಕ್ಕಿಂತ ಹೆಚ್ಚಿಟ್ಟರೆ ಹೇಳಿಕೊಳ್ಳುವ ಲಾಭವಿಲ್ಲ. ಎದುರುಬದುರು ಗೋಡೆಗಳ ನಡುವಿಗೆ ಎರಡೇ ಇಟ್ಟರೂ ಹೆಚ್ಚುಕಡಿಮೆ ಅಷ್ಟೇ ಚೆನ್ನ.

ನನ್ನ ಪ್ರಕಾರ ಈ ಪುರಾಣದ ತಿರುವು ಇದೇ. 1925ರಿಂದ ಮುಕ್ಕಾಲು ಶತಮಾನ ಕೇಳಿದ ಪ್ರಶ್ನೆ 'ಬೇಸ್ ಎಷ್ಟು?' ಇವರು ಕೇಳಿದ್ದು 'ಬೇಸ್ ಯಾರಿಗೆ?' ಒಂದು ಕುರ್ಚಿಯಲ್ಲಿ ಎಷ್ಟು ಚೆನ್ನಾಗಿದೆ ಅನ್ನುವುದಲ್ಲ, ಕುರ್ಚಿಗಳ ನಡುವೆ ಎಷ್ಟು ತಾರತಮ್ಯವಿದೆ ಅನ್ನುವುದೇ ಅವರ ಅಳತೆ.

ಎರಡು ಹೇಗೆ ಕೆಲಸ ಮಾಡುತ್ತವೆ? 35 ಹರ್ಟ್ಸ್ ಮಿಡಿತದಲ್ಲಿ ಮುಂದಿನ ಗೋಡೆಯ ಬಳಿ ಗಾಳಿ ಒತ್ತಿದಾಗ ಹಿಂದಿನ ಗೋಡೆಯ ಬಳಿ ಸಡಿಲವಾಗುತ್ತದೆ. ಏತದ ಎರಡು ತುದಿಯಂತೆ. ಎರಡೂ ತುದಿಯನ್ನು ಒಟ್ಟಿಗೆ ಒತ್ತಿದರೆ ಏತ ಆಡುವುದೇ ಇಲ್ಲ. ಇನ್ನು 47 ಹರ್ಟ್ಸ್: ಎರಡೂ ಡಬ್ಬಗಳು ಅಗಲದ ನಟ್ಟನಡುವೆ, ಅಂದರೆ ಅದರ ಸತ್ತ ಗೆರೆಯ ಮೇಲೆಯೇ ಇವೆ. ಅಲ್ಲಿಂದ ಅದನ್ನು ಎಬ್ಬಿಸಲಾಗದು. ಎತ್ತರದ 56 ಹರ್ಟ್ಸ್ ಉಳಿಯುತ್ತದೆ. ಆದರೆ ಕೂತವರ ಕಿವಿಗಳೆಲ್ಲ ಹೆಚ್ಚುಕಡಿಮೆ ಒಂದೇ ಎತ್ತರದಲ್ಲಿರುವುದರಿಂದ ಅದರಲ್ಲಿ ತಾರತಮ್ಯವಿಲ್ಲ. ಗಟ್ಟಿಯಾಗಿ ಉಳಿಯುವುದು ಉದ್ದದ ಎರಡನೇ ಮಿಡಿತ, 70 ಹರ್ಟ್ಸ್. ಅದರ ಸತ್ತ ಗೆರೆಗಳು 4 ಮತ್ತು 12 ಅಡಿಯಲ್ಲಿ.

ಹಾಗಾದರೆ ರಿಸೀವರಿನಲ್ಲಿರುವ ಈಕ್ವಲೈಜರ್ ಸಾಲದೇ? ಸಾಲದು. ಅದು ಡಬ್ಬಕ್ಕೆ ಹೋಗುವ ಸಂಕೇತವನ್ನು ಬದಲಿಸುತ್ತದೆ, ಕೋಣೆಯನ್ನಲ್ಲ. ಅಮ್ಮನಿಗಾಗಿ 47 ತಗ್ಗಿಸಿದರೆ ಅಪ್ಪನ ಹತ್ತಿರ ಇದ್ದದ್ದೂ ಹೋಯಿತು. ಒಂದು ಬಗ್ ಸರಿಮಾಡಿದರೆ ಇನ್ನೊಂದು ಏಳುವ ಕೋಡ್ ಇದ್ದಹಾಗೆ. ಕುರ್ಚಿಗಳೆಲ್ಲ ಮೊದಲು ಒಂದೇ ತರಹ ಆದಮೇಲೆ ಮಾತ್ರ ಈಕ್ವಲೈಜರ್ ಎಲ್ಲರಿಗೂ ಒಟ್ಟಿಗೆ ಉಪಕಾರ ಮಾಡುತ್ತದೆ.

ನಮ್ಮ ಹಾಲ್‌ನಲ್ಲಿ

ಗೆಳೆಯನಿಂದ ಅಳತೆಯ ಮೈಕ್ ಕಡ ತಂದೆ. ಕೋಣೆ ಅಳೆಯುವ ಉಚಿತ ಸಾಫ್ಟ್‌ವೇರ್ ಹಾಕಿಕೊಂಡು ಮೂರೂ ಕುರ್ಚಿಯಲ್ಲಿ ಅಳೆದೆ. ಲೆಕ್ಕದ ಹತ್ತಿರ ಹತ್ತಿರದಲ್ಲೇ ಅಮ್ಮನ ಕುರ್ಚಿಯಲ್ಲಿ ಗುಡ್ಡ, ಅಪ್ಪನ ಕುರ್ಚಿಯಲ್ಲಿ ಹಳ್ಳ. ಪರದೆಯ ಮೇಲಿನ ಆ ಗೆರೆಗಳನ್ನು ನೋಡಿ ನನಗೆ ನಾಚಿಕೆಯಾಯಿತು.

ಮೊದಲು ದುಡ್ಡಿಲ್ಲದ ಕೆಲಸ ಮಾಡಿದೆ. ಡಬ್ಬವನ್ನು ಮೂಲೆಯಿಂದ ಎತ್ತಿ ಟಿವಿಯ ಕೆಳಗೆ, ಗೋಡೆಯ ನಡುವಿಗೆ ತಂದೆ. ಸೋಫಾವನ್ನು 12 ಅಡಿಯಿಂದ 13 ಅಡಿಗೆ ಸರಿಸಿದೆ. ಮೂಲೆಯ ಜೋರು ಸ್ವಲ್ಪ ತಗ್ಗಿತು, ಅಮ್ಮನ 'ಗುಂಯ್' ಬಹಳಷ್ಟು ಹೋಯಿತು. ಇಲ್ಲಿ ಒಂದು ಮಾತು ಪ್ರಾಮಾಣಿಕವಾಗಿ ಹೇಳಬೇಕು. ನಿಮ್ಮ ಮನೆಯಲ್ಲಿ ಒಂದೇ ಸಾಲು ಸೋಫಾ ಇದ್ದು ಎಲ್ಲರೂ ಅದರಲ್ಲೇ ಕೂರುವುದಾದರೆ ಇಷ್ಟೇ ಸಾಕಾಗಬಹುದು. ಎರಡನೆಯದನ್ನು ಕೊಳ್ಳುವ ಮುಂಚೆ ಇರುವುದನ್ನು ಸರಿಸಿ ನೋಡಿ.

ಆದರೆ ಅಪ್ಪನ ಕುರ್ಚಿ ಕದಲುವುದಿಲ್ಲವಲ್ಲ! 35ರ ಹಳ್ಳ ಅಲ್ಲೇ ಇತ್ತು. ಅದೇ ಮಾಡೆಲ್ಲಿನ ಇನ್ನೊಂದು ಸೆಕೆಂಡ್ ಹ್ಯಾಂಡ್ ಡಬ್ಬ ಸಿಕ್ಕಿತು. ಸೋಫಾದ ಹಿಂದೆ, ಹಿಂದಿನ ಗೋಡೆಯ ನಡುವಿಗೆ ಇಟ್ಟು ಎರಡರ ಮಟ್ಟವನ್ನೂ ಸಮ ಮಾಡಿದೆ. ಜೋಡಿಗೆ ಒಂದೇ ಮಾಡೆಲ್ ಇರಲಿ. ಒಂದು ದೊಡ್ಡದು ಒಂದು ಚಿಕ್ಕದಾದರೆ ಏತದ ಎರಡು ತುದಿಗೆ ಒಂದೇ ಒತ್ತಡ ಬೀಳುವುದಿಲ್ಲ. ಒಂದು ದೊಡ್ಡದೋ ಎರಡು ಸಣ್ಣದೋ ಅನ್ನುವವರಿಗೆ ಒಂದು ಲೆಕ್ಕ: 10 ಇಂಚಿನ ಎರಡು ಕೋನ್‌ಗಳ ವಿಸ್ತೀರ್ಣ 14 ಇಂಚಿನ ಒಂದು ಕೋನಿಗೆ ಸಮ. ಗಾಳಿ ಅಷ್ಟೇ, ಹಂಚಿಕೆ ಮಾತ್ರ ಬೇರೆ.

ಭಾನುವಾರ ಸಂಜೆ ಅದೇ ಸಿನಿಮಾ ಹಾಕಿದೆ. ಏನೂ ಹೇಳಲಿಲ್ಲ. ಅಪ್ಪ ಅರ್ಧ ಸಿನಿಮಾ ಆದಮೇಲೆ ಪೇಪರ್ ಕೆಳಗಿಟ್ಟು, "ಈಗ ಗುಡುಗಿದ ಹಾಗಿದೆ ನೋಡು" ಅಂದರು. ಅಮ್ಮ ಕೊನೆಯವರೆಗೂ ಬೆತ್ತದ ಕುರ್ಚಿಯಲ್ಲೇ ಇದ್ದರು. ಅಡುಗೆಮನೆಗೆ ಹೋಗಿದ್ದು ಕಾಫಿ ಮಾಡಲಿಕ್ಕೆ ಮಾತ್ರ. ಆಮೇಲೆ ಗಮನಿಸಿದರೆ ವಾಲ್ಯೂಮ್ ಮೊದಲಿಗಿಂತ ಕಡಿಮೆ ಇತ್ತು. ಹಳ್ಳದಲ್ಲಿ ಕೂತವರಿಗಾಗಿ ಜೋರು ಮಾಡುವ ಅಗತ್ಯವೇ ಇರಲಿಲ್ಲ. ಎರಡು ಡಬ್ಬ ಇಟ್ಟರೆ ಕೆಳಗಿನ ಮನೆಗೆ ಶಬ್ದ ಹೋಗುವುದು ನಿಲ್ಲುವುದಿಲ್ಲ, ಕಾಂಕ್ರೀಟು ಬೇಸ್ ಅನ್ನು ಧಾರಾಳವಾಗಿ ದಾಟಿಸುತ್ತದೆ. ಕಡಿಮೆ ಮಟ್ಟದಲ್ಲೇ ಎಲ್ಲರಿಗೂ ಸಾಕಾಗುತ್ತದೆ, ಅಷ್ಟೇ. ಅಂಕಲ್ ಮತ್ತೆ ಬಂದಿಲ್ಲ. ಬಂದಿದ್ದು ಆಂಟಿ, ಕರಿಬೇವಿಗೆ :)

ಒಂದು ಸಾಕೋ ಎರಡು ಬೇಕೋ ಅಂದರೆ ಈಗ ನನ್ನ ಉತ್ತರ ಇಷ್ಟೇ. ಒಬ್ಬರೇ ಕೂತು ನೋಡುವುದಾದರೆ ಒಂದು ಸಾಕು, ಜಾಗ ನೋಡಿ ಇಡಿ. ಮನೆಮಂದಿಯೆಲ್ಲ ಹಾಲ್ ತುಂಬಾ ಅಲ್ಲಲ್ಲಿ ಕೂತು ನೋಡುವುದಾದರೆ ಒಂದು ದೊಡ್ಡದರ ಬದಲು ಎರಡು ಸಣ್ಣದು ತನ್ನಿ. ಮತ್ತೆ ಅಮ್ಮ 'ಇಲ್ಲಿ ಸರಿಯಿಲ್ಲ' ಅಂದರೆ, ತೀರ್ಪು ಕೊಡುವ ಮುಂಚೆ ಎದ್ದುಹೋಗಿ ಒಂದು ಸಲ ಅವರ ಕುರ್ಚಿಯಲ್ಲಿ ಕೂತು ನೋಡಿ. ಅದಕ್ಕೆ ಮೈಕೂ ಬೇಡ, ಸಾಫ್ಟ್‌ವೇರೂ ಬೇಡ. ತಿಂಗಳುಗಟ್ಟಲೆ ನಾನು ಮಾಡದೇ ಉಳಿದದ್ದು ಅದೊಂದೇ.

ಕೊಸರು: ಅಳತೆ ಮುಗಿದ ಮೇಲೆ ಅಪ್ಪನಿಗೆ ಸತ್ತ ಗೆರೆಯ ಚಿತ್ರ ತೋರಿಸಿ, "ಕುರ್ಚಿ ಎರಡಡಿ ಹಿಂದೆ ಹಾಕಿದ್ರೂ ಆಗ್ತಿತ್ತು ಅಪ್ಪ, ಎರಡನೇ ಡಬ್ಬದ ದುಡ್ಡು ಉಳೀತಿತ್ತು" ಅಂದೆ. "ಫ್ಯಾನ್ ಗಾಳಿ ಯಾರು ಕೊಡ್ತಾರೆ?" ಅಂದರು. ಇದಕ್ಕೆ ರ‍್ಯಾಲೆ ಹತ್ತಿರವೂ ಉತ್ತರ ಇಲ್ಲ. ನಿಮ್ಮ ಮನೆಯ ಹಾಲ್‌ನ ಕಥೆ ಏನು? ತಿಳಿಸಿ.